ಮಳೆ ಲೆಕ್ಕದ ಟೈಪ್ಸ್ಟ್ ಟೆಂಪ್ಲೇಟು: ಮೌಲ್ಯ ಪರಿವರ್ತನೆ ಮತ್ತು ಬಣ್ಣದ ಫಂಕ್ಷನ್‌ಗಳಿಗೆ ವಿವರಣೆ ಬರೆಯುವ ಬಗೆ

ಮೂಡಿಗೆರೆ, ಸಕಲೇಶಪುರ ಕಡೆಯ ಕಾಫಿ ತೋಟಗಳಲ್ಲಿ ಮಳೆಯನ್ನು ಇವತ್ತಿಗೂ ಇಂಚು, ಸೆಂಟ್ಸ್ ಲೆಕ್ಕದಲ್ಲೇ ಹೇಳುತ್ತಾರೆ. ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್. ಆದರೆ ಹವಾಮಾನ ಇಲಾಖೆಯ ವರ್ಗೀಕರಣವೆಲ್ಲ ಮಿಲಿಮೀಟರಿನಲ್ಲಿದೆ. ತೋಟದ ರೈಟರು ಬರೆದಿಟ್ಟ ರಿಜಿಸ್ಟರನ್ನು ಹಾಸನದ ಡಿಟಿಪಿ ಅಂಗಡಿಯಲ್ಲಿ ಮಿಲಿಮೀಟರಿಗೆ ತಿರುಗಿಸಿ, ದಿನಕ್ಕೊಂದು ಬಣ್ಣದ ಚೌಕ ಬರುವಂತೆ ವರ್ಷದ ಚಾರ್ಟ್ ಮಾಡಬೇಕು ಅಂದುಕೊಳ್ಳಿ. ಪುಟ ಜೋಡಿಸಿ ಪಿಡಿಎಫ್ ಮಾಡುವ ಟೈಪ್ಸ್ಟ್ ಭಾಷೆಯಲ್ಲಿ ಇದಕ್ಕೆ ನಾಲ್ಕೇ ನಾಲ್ಕು ಸಣ್ಣ ಫಂಕ್ಷನ್ (ಒಂದು ಮೌಲ್ಯ ಪಡೆದು ಇನ್ನೊಂದು ಕೊಡುವ ಕೋಡಿನ ತುಂಡು) ಸಾಕು. ಫಂಕ್ಷನ್ ಬರೆಯುವುದು ಅರ್ಧ ದಿನದ ಕೆಲಸ. ಮುಂದಿನ ವರ್ಷ ಬೇರೆ ಯಾರೋ ಅದೇ ಟೆಂಪ್ಲೇಟು ತೆರೆದಾಗ ಅದು ಏನನ್ನು ಒಪ್ಪುತ್ತದೆ, ಏನನ್ನು ತಳ್ಳುತ್ತದೆ, ಎಲ್ಲಿ ಲೆಕ್ಕ ಕಳೆಯುತ್ತದೆ ಎಂಬುದು ಗೊತ್ತಾಗದಿದ್ದರೆ ಆ ಕೆಲಸ ದಂಡ. ಈ ಲೇಖನ ಆ ವಿವರಣೆ ಬರೆಯುವುದರ ಬಗ್ಗೆ.

ಒಂದು ಮಾತು ಮೊದಲೇ. ಇಲ್ಲಿ ಟೈಪ್ಸ್ಟಿನ ಸ್ವಂತ ಪದಗಳನ್ನು (ಪೂರ್ಣಾಂಕಕ್ಕೆ ಇಂಟ್, ದಶಮಾಂಶ ಸಂಖ್ಯೆಗೆ ಫ್ಲೋಟ್, ಅಚ್ಚಿನ ನಾಲ್ಕು ಶಾಯಿಯ ಬಣ್ಣಕ್ಕೆ ಸಿಎಂವೈಕೆ ಇತ್ಯಾದಿ) ಕನ್ನಡ ಲಿಪಿಯಲ್ಲಿ ಬರೆದಿದೆ. ಫೈಲಿನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಹೊಡೆಯಬೇಕು. ನಾವು ಇಡುವ ಹೆಸರುಗಳಿಗೆ ಆ ಕಟ್ಟಿಲ್ಲ. ಫಂಕ್ಷನ್ನಿಗೆ ಕನ್ನಡದಲ್ಲೇ ಹೆಸರಿಡಬಹುದು, ಟೈಪ್ಸ್ಟ್ ಒಪ್ಪುತ್ತದೆ.

ಮೊದಲು ಹೆಸರು

ನಮ್ಮ ನಾಲ್ಕು ಫಂಕ್ಷನ್‌ಗಳು: ಸೆಂಟ್ಸ್, ಮಿಮೀ, ಮಳೆ-ಬಣ್ಣ, ಅಕ್ಷರ-ಬಣ್ಣ. ಹೆಸರಿನಲ್ಲಿ ಹೈಫನ್ ಇರಬಹುದು. ಆದ್ದರಿಂದಲೇ ಕಳೆಯುವ ಚಿಹ್ನೆಯ ಎರಡೂ ಕಡೆ ಜಾಗ ಬಿಡಬೇಕು. ಜಾಗವಿಲ್ಲದೆ ಬರೆದರೆ ಎರಡು ಹೆಸರು ಸೇರಿ ಒಂದೇ ಹೆಸರಾಗುತ್ತದೆ, ಅಂಥ ಹೆಸರೇ ಇಲ್ಲ ಎಂಬ ತಪ್ಪು ಬರುತ್ತದೆ.

ಕನ್ನಡ ಹೆಸರಿನಲ್ಲಿ ಇನ್ನೊಂದು ತೊಡಕು ಕಣ್ಣಿಗೆ ಕಾಣದ್ದು. ಅರ್ಧಾಕ್ಷರ ಬಿಡಿಸಿ ತೋರಿಸಲು ಯುನಿಕೋಡ್ ಕೀಲಿಮಣೆಗಳು ನಡುವೆ ಸೇರಿಸುವ ಶೂನ್ಯ ಅಗಲದ ಅಕ್ಷರ ಒಂದು ಹೆಸರಿನಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ, ಪರದೆಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣಬಹುದು, ಯಂತ್ರಕ್ಕೆ ಮಾತ್ರ ಬೇರೆ ಬೇರೆ. ಹೀಗಾಗಿ ಆ ಅಕ್ಷರ ಬೇಕಾಗುವ ಪದಗಳನ್ನು ಹೆಸರಾಗಿ ಇಡಲೇಬೇಡಿ. ಮೇಲಿನ ನಾಲ್ಕರಲ್ಲಿ ಯಾವುದಕ್ಕೂ ಅದು ಬೇಡ.

ವಿವರಣೆ ಎಲ್ಲಿ ಬರೆಯಬೇಕು

ಬೇರೆ ವರ್ಡ್ ಫೈಲಿನಲ್ಲಿ ಬರೆದಿಟ್ಟ ವಿವರಣೆ ಕಳೆದುಹೋಗುತ್ತದೆ, ಇಲ್ಲವೇ ಹಳತಾಗುತ್ತದೆ. ಫಂಕ್ಷನ್ನಿನ ನೆತ್ತಿಯ ಮೇಲೆಯೇ, ಮೂರು ಓರೆಗೆರೆ ಹಾಕಿ ಬರೆಯಿರಿ. ಎರಡು ಓರೆಗೆರೆ ಮಾಮೂಲಿ ಟಿಪ್ಪಣಿ. ಮೂರು ಹಾಕಿದರೆ ಅದು ವಿವರಣೆ ಎಂದು ಟಿನಿಮಿಸ್ಟ್ ಎಂಬ ಎಡಿಟರ್ ಸಹಾಯಕ ಗುರುತಿಸುತ್ತದೆ. ಆಗ ಫಂಕ್ಷನ್ ಹೆಸರಿನ ಮೇಲೆ ಮೌಸ್ ಇಟ್ಟರೆ ಸಾಕು, ಬರೆದದ್ದು ಅಲ್ಲೇ ತೆರೆದುಕೊಳ್ಳುತ್ತದೆ. ಟೈಡಿ ಎಂಬ ಪ್ಯಾಕೇಜು ಇದೇ ಟಿಪ್ಪಣಿಗಳಿಂದ ಕೈಪಿಡಿಯ ಪಿಡಿಎಫ್ ಕೂಡ ಮಾಡಿಕೊಡುತ್ತದೆ. ಪ್ರತಿ ಪ್ಯಾರಾಮೀಟರಿನ (ಫಂಕ್ಷನ್ನಿಗೆ ಒಳಕ್ಕೆ ಕೊಡುವ ಮೌಲ್ಯದ) ಮೇಲೂ ಹೀಗೇ ಒಂದು ಸಾಲು ಬರೆದು, ಕೊನೆಯಲ್ಲಿ ಬಾಣದ ಗುರುತು ಹಾಕಿ ಅದರ ಜಾತಿ (ಬರಹವಾದರೆ ಸ್ಟ್ರಿಂಗ್, ಇಲ್ಲವೇ ಇಂಟ್, ಕಲರ್) ಹೇಳಿದರೆ ಟೈಡಿ ಅದನ್ನೂ ಹಿಡಿಯುತ್ತದೆ.

ಪರಿವರ್ತನೆಯ ಫಂಕ್ಷನ್ನಿಗೆ ನಾಲ್ಕು ವಿಷಯ ಬರಲೇಬೇಕು: ಒಳಕ್ಕೆ ಏನು, ಹೊರಕ್ಕೆ ಏನು, ಯಾವುದಕ್ಕೆ ನಿಲ್ಲುತ್ತದೆ, ಏನು ಕಳೆಯುತ್ತದೆ. ಮೊದಲೆರಡನ್ನು ಎಲ್ಲರೂ ಬರೆಯುತ್ತಾರೆ. ಫೋನ್ ಮೇಲೆ ಫೋನ್ ಬರುವುದು ಕೊನೆಯ ಎರಡು ಇಲ್ಲದಿದ್ದಾಗ.

ಸೆಂಟ್ಸ್: ಬರಹದಿಂದ ಸಂಖ್ಯೆಗೆ

ರಿಜಿಸ್ಟರಿನಲ್ಲಿ 2 ಇಂಚು 35 ಸೆಂಟ್ಸನ್ನು ಕೆಲವರು 2-35 ಎಂದೂ ಕೆಲವರು 2.35 ಎಂದೂ ಬರೆಯುತ್ತಾರೆ. ಎರಡನ್ನೂ ಒಪ್ಪುವ ಫಂಕ್ಷನ್ ಬರೆಯುವ ಆಸೆ ಬಿಡಿ. 2.5 ಅಂದರೆ 2 ಇಂಚು 5 ಸೆಂಟ್ಸೋ, 50 ಸೆಂಟ್ಸೋ? ರೈಟರಿಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಸಾಲದ್ದಕ್ಕೆ 1.50 ಎಂದು ಹೊಡೆದರೆ ಎಕ್ಸೆಲ್ ಕೊನೆಯ ಸೊನ್ನೆ ನುಂಗಿ 1.5 ಮಾಡುತ್ತದೆ. ಆದ್ದರಿಂದ ಒಂದೇ ರೂಪ: ಇಂಚು, ಹೈಫನ್, ಎರಡೇ ಅಂಕಿಯ ಸೆಂಟ್ಸ್. 5 ಸೆಂಟ್ಸ್ ಇದ್ದರೆ 05.

ಎಕ್ಸೆಲ್‌ಗೆ ಹೈಫನ್ ಕಂಡರೂ ಚಪಲ. 2-05 ಎಂದು ಹೊಡೆದು ಎಂಟರ್ ಒತ್ತಿದರೆ ತಾರೀಖು ಮಾಡಿಬಿಡುತ್ತದೆ. ಹೊಡೆಯುವ ಮೊದಲೇ ಇಡೀ ಕಾಲಮ್ಮನ್ನು ಟೆಕ್ಸ್ಟ್ ಎಂದು ಫಾರ್ಮ್ಯಾಟ್ ಮಾಡಬೇಕು. ಹೊಡೆದ ಮೇಲೆ ಮಾಡಿದರೆ ತಾರೀಖಿನ ಹಿಂದಿರುವ ಸಂಖ್ಯೆ ಕಾಣುತ್ತದೆಯೇ ಹೊರತು ಮಳೆ ವಾಪಸು ಬರುವುದಿಲ್ಲ. ಟೈಪ್ಸ್ಟ್ ಓದಲು ಸಿಎಸ್‌ವಿ (ಕೋಶಗಳ ನಡುವೆ ಅಲ್ಪವಿರಾಮ ಇರುವ ಬರೀ ಪಠ್ಯದ ಫೈಲು) ಆಗಿ ಸೇವ್ ಮಾಡುವಾಗ ಸಿಎಸ್‌ವಿ ಯುಟಿಎಫ್-8 ಆರಿಸಿ, ಬರೀ ಸಿಎಸ್‌ವಿ ಆರಿಸಿದರೆ ಕನ್ನಡದ ತಲೆಬರಹಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತವೆ. ಇವೆರಡು ಟೈಪ್ಸ್ಟಿನ ತಪ್ಪಲ್ಲ, ಆದರೂ ವಿವರಣೆಯಲ್ಲಿ ಇರಲಿ; ಓದುವವರಿಗೆ ತಪ್ಪು ಯಾರದ್ದಾದರೇನು.

ಟೈಪ್ಸ್ಟ್ ಸಿಎಸ್‌ವಿ ಓದಿದಾಗ ಪ್ರತಿ ಕೋಶವೂ ಸ್ಟ್ರಿಂಗಾಗಿಯೇ ಬರುತ್ತದೆ, ಅಂಕಿ ಇದ್ದರೂ ಅಷ್ಟೇ. ಸ್ಟ್ರಿಂಗಿಗೆ ಸಂಖ್ಯೆ ಕೂಡಿಸಿದರೆ ಕೆಲವು ಭಾಷೆಗಳು ಸುಮ್ಮನೆ ಅಂಟಿಸುತ್ತವೆ, ಟೈಪ್ಸ್ಟ್ ನಿಲ್ಲಿಸುತ್ತದೆ. ಇದು ಒಳ್ಳೆಯದೇ. ಇಂಟ್ ಎಂಬ ಪರಿವರ್ತಕ ಸ್ಟ್ರಿಂಗಿನಲ್ಲಿ ಪೂರ್ತಿ ಅಂಕಿ ಇದ್ದರಷ್ಟೇ ಒಪ್ಪುತ್ತದೆ: "05" ಕೊಟ್ಟರೆ 5. "1,250" ಇದ್ದರೆ ಅಲ್ಪವಿರಾಮಕ್ಕೆ ಎಡವುತ್ತದೆ, ಖಾಲಿ ಸ್ಟ್ರಿಂಗಿಗೂ ನಿಲ್ಲುತ್ತದೆ. ಅಕ್ಕಪಕ್ಕ ಖಾಲಿ ಜಾಗ ಉಳಿದಿರಬಹುದಾದ್ದರಿಂದ ಮೊದಲು ಟ್ರಿಮ್ ಮಾಡುವುದು ರೂಢಿಯಾಗಲಿ.

ಕನ್ನಡ ಅಂಕಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ರೂಪ ಸರಿಯಿದೆಯೇ ಎಂದು ನೋಡಲು ರೆಜೆಕ್ಸ್ (ಬರಹದ ರೂಪವನ್ನು ಹೇಳುವ ಮಾದರಿ) ಬಳಸುತ್ತೇವೆ. ಅಲ್ಲಿ ಹಿಮ್ಮುಖ ಓರೆಗೆರೆ ಮತ್ತು ಡಿ ಅಕ್ಷರದ ಜೋಡಿ ಯಾವ ಅಂಕಿಯನ್ನಾದರೂ ಹಿಡಿಯುತ್ತದೆ, "೨-೩೫" ಅನ್ನೂ ಹಿಡಿಯುತ್ತದೆ. ತಪಾಸಣೆ ಪಾಸಾಯಿತು ಅನ್ನುವಷ್ಟರಲ್ಲಿ ಮುಂದಿನ ಸಾಲಿನ ಇಂಟ್ "೨" ನೋಡಿ ನಿಲ್ಲುತ್ತದೆ, ಅದಕ್ಕೆ ಗೊತ್ತಿರುವುದು 0ಯಿಂದ 9 ಮಾತ್ರ. ಸುರಕ್ಷಿತ ಮಾದರಿ ಇದು:

^[0-9]+-[0-9][0-9]$

ಕನ್ನಡ ಅಂಕಿಯನ್ನೂ ಒಪ್ಪಲೇಬೇಕು ಎಂದಿದ್ದರೆ ತಪಾಸಣೆಗೆ ಮೊದಲೇ ಬದಲಾಯಿಸಿಕೊಳ್ಳಿ. ಯುನಿಕೋಡಿನಲ್ಲಿ ೦ ಯಿಂದ ೯ ರವರೆಗಿನ ಕ್ರಮಸಂಖ್ಯೆ 3302ರಿಂದ 3311. ಮಾಮೂಲಿ 0ಯದು 48. ಅಂದರೆ ಪ್ರತಿ ಅಕ್ಷರದ ಕ್ರಮಸಂಖ್ಯೆ ತೆಗೆದು, ಈ ವ್ಯಾಪ್ತಿಯಲ್ಲಿದ್ದರೆ 3254 ಕಳೆದು, ಮತ್ತೆ ಅಕ್ಷರ ಮಾಡಿದರಾಯಿತು. ಸ್ಟ್ರಿಂಗಿನ ಟು-ಯುನಿಕೋಡ್, ಫ್ರಮ್-ಯುನಿಕೋಡ್ ಇದಕ್ಕೇ ಇವೆ.

ಇನ್ನು ಖಾಲಿ ಕೋಶ. ಮಳೆ ಬರಲಿಲ್ಲ ಎಂಬುದು ಬೇರೆ, ಮಾಪಕ ನೋಡಲಿಲ್ಲ ಎಂಬುದು ಬೇರೆ. ಮೊದಲನೆಯದು 0-00, ಎರಡನೆಯದು ಖಾಲಿ. ಖಾಲಿಗೆ ಫಂಕ್ಷನ್ ನನ್ (ಏನೂ ಇಲ್ಲ) ಎಂಬ ಮೌಲ್ಯ ಕೊಡಲಿ. ಎರಡನ್ನೂ ಸೊನ್ನೆ ಮಾಡಿದರೆ ಹೂಮಳೆಯ ತಿಂಗಳಲ್ಲಿ ನಾಲ್ಕು ದಿನ ರಜೆ ಹಾಕಿದ ರೈಟರು ತೋಟಕ್ಕೆ ಬರ ತಂದಂತಾಗುತ್ತದೆ.

ವಿವರಣೆ ಹೀಗೆ ಬರಬಹುದು:

/// ಇಂಚು-ಸೆಂಟ್ಸ್ ಬರಹವನ್ನು ಒಟ್ಟು ಸೆಂಟ್ಸ್ ಮಾಡುತ್ತದೆ.
/// ಒಳಕ್ಕೆ: ಸ್ಟ್ರಿಂಗ್. ಇಂಚು, ಮಾಮೂಲಿ ಹೈಫನ್, ಎರಡಂಕಿ ಸೆಂಟ್ಸ್.
/// ಹೊರಕ್ಕೆ: ಇಂಟ್. ಖಾಲಿ ಸ್ಟ್ರಿಂಗಿಗೆ ನನ್.
/// ನಿಲ್ಲುತ್ತದೆ: "2-5", "2.35", "೨-೩೫", ಉದ್ದ ಗೆರೆ ಇರುವ "2–35".
/// ಕಳೆಯುವುದು: ಏನೂ ಇಲ್ಲ.
/// ಉದಾ: "2-35" ಕೊಟ್ಟರೆ 235; "0-05" ಕೊಟ್ಟರೆ 5.

ಉದ್ದ ಗೆರೆಯನ್ನು ಹೆಸರಿಸಿಯೇ ಬರೆದದ್ದಕ್ಕೆ ಕಾರಣವಿದೆ. ವರ್ಡಿನಿಂದ ಕಾಪಿ ಮಾಡಿದ ಪಠ್ಯದಲ್ಲಿ ಹೈಫನ್ ಎಷ್ಟೋ ಸಲ ತಾನಾಗಿ ಉದ್ದವಾಗಿರುತ್ತದೆ. ಕಣ್ಣಿಗೆ ವ್ಯತ್ಯಾಸ ತೀರಾ ಕಡಿಮೆ, ಹೈಫನ್ ಇರುವಲ್ಲಿ ಬರಹ ತುಂಡರಿಸುವ ಸ್ಪ್ಲಿಟ್ ಮಾತ್ರ ಅದನ್ನು ಎರಡು ಭಾಗ ಮಾಡುವುದಿಲ್ಲ.

ನಿಲ್ಲುವಾಗ ಬರುವ ಸಂದೇಶವೂ ವಿವರಣೆಯ ಭಾಗವೇ. ಅಸರ್ಟ್ (ಷರತ್ತು ತಪ್ಪಿದರೆ ಸಂದೇಶ ಕೊಟ್ಟು ನಿಲ್ಲಿಸುವ ಫಂಕ್ಷನ್) ಬಳಸಿ ಸಂದೇಶವನ್ನು ಕನ್ನಡದಲ್ಲೇ ಬರೆಯಿರಿ, ಸಿಕ್ಕ ಮೌಲ್ಯವನ್ನೂ ಅದರಲ್ಲಿ ಸೇರಿಸಿ: "ಮಳೆ ಬರಹ ಸರಿಯಿಲ್ಲ: 2-5. ಸೆಂಟ್ಸ್ ಎರಡಂಕಿ ಇರಲಿ." ಮೌಲ್ಯವನ್ನು ರೆಪರ್ ಫಂಕ್ಷನ್ನಿಗೆ ಹಾಕಿ ಸೇರಿಸಿದರೆ ಉದ್ಧರಣ ಚಿಹ್ನೆಯ ಸಮೇತ ಬರುತ್ತದೆ, ಹಿಂದೆಮುಂದೆ ಖಾಲಿ ಜಾಗ ಉಳಿದಿದ್ದರೆ ಆಗ ಕಾಣುತ್ತದೆ.

ಮಿಮೀ: ಕಳೆಯುವುದು ಎಲ್ಲಿ

ಒಂದು ಇಂಚಿಗೆ 25.4 ಮಿಲಿಮೀಟರ್, ಒಂದು ಸೆಂಟಿಗೆ 0.254. ಗುಣಿಸಿ ಒಂದು ದಶಮಾಂಶಕ್ಕೆ ರೌಂಡ್ ಮಾಡಿದರೆ ಮುಗಿಯಿತು. ಆದರೆ ಯಾವ ಉಪಕರಣದಿಂದ ರೌಂಡ್ ಮಾಡುತ್ತೀರಿ, ಯಾವಾಗ ಮಾಡುತ್ತೀರಿ ಎಂಬುದರ ಮೇಲೆ ಚಾರ್ಟಿನ ಬಣ್ಣವೇ ಬದಲಾಗುತ್ತದೆ.

ಇಂಟ್ ಫಂಕ್ಷನ್ ದಶಮಾಂಶವನ್ನು ಸೊನ್ನೆಯ ಕಡೆಗೆ ಕತ್ತರಿಸುತ್ತದೆ, ರೌಂಡ್ ಮಾಡುವುದಿಲ್ಲ. 2 ಇಂಚು 54 ಸೆಂಟ್ಸ್ ಅಂದರೆ 64.516 ಮಿಮೀ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಭಾರಿ ಮಳೆ ಶುರುವಾಗುವುದು 64.5ರಿಂದ. ಇಂಟ್ ಹಾಕಿದರೆ 64 ಉಳಿದು ಆ ದಿನ ಸಾಧಾರಣ ಮಳೆಯ ಪಟ್ಟಿಗೆ ಇಳಿಯುತ್ತದೆ.

ರೌಂಡ್ ಮಾಡದೇ ಬಿಟ್ಟರೆ ಇನ್ನೊಂದು ಗುಂಡಿ. ಇಲಾಖೆಯ ವರ್ಗಗಳು ದಿನದ ಮಳೆಗೆ ಹೀಗಿವೆ: ಹಗುರ 2.5ರಿಂದ 15.5, ಸಾಧಾರಣ 15.6ರಿಂದ 64.4, ಭಾರಿ 64.5ರಿಂದ 115.5, ಅತಿ ಭಾರಿ 115.6ರಿಂದ 204.4, ಅದಕ್ಕೂ ಮೇಲೆ ವಿಪರೀತ. ಎಲ್ಲವೂ ಒಂದು ದಶಮಾಂಶದ ಗಡಿ. ಈಗ 4 ಇಂಚು 55 ಸೆಂಟ್ಸ್ ನೋಡಿ: 115.57 ಮಿಮೀ. ಭಾರಿಯ ಮೇಲ್ಗಡಿ ದಾಟಿದೆ, ಅತಿ ಭಾರಿಯ ಕೆಳಗಡಿ ಮುಟ್ಟಿಲ್ಲ. ಎರಡೂ ಗಡಿಗಳನ್ನು ಹಾಗೇ ಬರೆದ ಷರತ್ತು ಇದನ್ನು ಯಾವ ವರ್ಗಕ್ಕೂ ಸೇರಿಸದೆ ಚೌಕವನ್ನು ಬಿಳಿ ಬಿಡುತ್ತದೆ. 8 ಇಂಚು 5 ಸೆಂಟ್ಸ್ (204.47) ಕೂಡ ಹೀಗೇ ಸಂದಿಯಲ್ಲಿ ಬೀಳುತ್ತದೆ. ಕ್ಯಾಲ್ಕ್ ರೌಂಡಿನಲ್ಲಿ ದಶಮಾಂಶ ಸ್ಥಾನ 1 ಎಂದು ಕೊಟ್ಟು, ಆಮೇಲೆ ಕೆಳಗಡಿಗಳೊಂದಿಗೆ ಮಾತ್ರ ಹೋಲಿಸಿದರೆ ಎರಡಕ್ಕೂ ಜಾಗ ಸಿಗುತ್ತದೆ: 115.6 ಮತ್ತು 204.5.

ಯಾವಾಗ ಎಂಬುದು ಎರಡನೆಯ ಪ್ರಶ್ನೆ. ತಿಂಗಳ ಮೊತ್ತಕ್ಕೆ ದಿನದ ಮಿಮೀಗಳನ್ನು ಕೂಡಬೇಡಿ. ದಿನಾ 10 ಸೆಂಟ್ಸಿನಂತೆ 31 ದಿನ ಬಂದರೆ, ದಿನದ 2.54 ಅನ್ನು 2.5 ಮಾಡಿ ಕೂಡಿದಾಗ 77.5 ಬರುತ್ತದೆ, 310 ಸೆಂಟ್ಸನ್ನು ಒಮ್ಮೆಗೇ ತಿರುಗಿಸಿದರೆ 78.7. ಸೆಂಟ್ಸ್, ಮಿಮೀ ಎಂದು ಎರಡು ಫಂಕ್ಷನ್ ಬೇರ್ಪಡಿಸಿದ್ದೇ ಇದಕ್ಕೆ: ಒಂದರಲ್ಲಿ ನಷ್ಟವಿಲ್ಲ, ನಷ್ಟವೆಲ್ಲ ಇನ್ನೊಂದರಲ್ಲಿ, ಅದೂ ಕೊನೆಗೆ ಒಂದೇ ಸಲ. ಮಿಮೀ ವಿವರಣೆಯ ಕೊನೆಯ ಸಾಲು ಹೀಗಿರಲಿ: "ಕಳೆಯುವುದು: ಹೆಚ್ಚೆಂದರೆ 0.05 ಮಿಮೀ. ಮೊತ್ತ ಬೇಕಿದ್ದರೆ ಮೊದಲು ಸೆಂಟ್ಸ್ ಕೂಡಿ, ಆಮೇಲೆ ಇದನ್ನು ಕರೆಯಿರಿ."

ಫ್ಲೋಟಿನಲ್ಲಿ 0.1ಕ್ಕೆ 0.2 ಕೂಡಿದರೆ 0.30000000000000004 ಬರುವುದು ಟೈಪ್ಸ್ಟಿನಲ್ಲೂ ಉಂಟು. ಮಳೆಗೆ ಅದು ತೊಂದರೆಯಲ್ಲ, ಹೇಗೂ ರೌಂಡ್ ಮಾಡುತ್ತೇವೆ. ಕಾಫಿ ಬಿಲ್ಲಿನ ರೂಪಾಯಿ-ಪೈಸೆಗೆ ಮಾತ್ರ 0.12ನೇ ಆವೃತ್ತಿಯಲ್ಲಿ ಬಂದ ಡೆಸಿಮಲ್ ಬಳಸಿ. ಅದಕ್ಕೆ ಮೌಲ್ಯವನ್ನು ಉದ್ಧರಣದೊಳಗೆ ಸ್ಟ್ರಿಂಗಾಗಿ ಕೊಡಬೇಕು. ಫ್ಲೋಟ್ ಕೊಟ್ಟರೆ ಆ ಹೊತ್ತಿಗಾಗಲೇ ನಿಖರತೆ ಹೋಗಿರುತ್ತದೆ. ಡೆಸಿಮಲ್ಲನ್ನೂ ಫ್ಲೋಟನ್ನೂ ನೇರ ಕೂಡಲು ಟೈಪ್ಸ್ಟ್ ಬಿಡುವುದಿಲ್ಲ.

ಮುದ್ರಣದಲ್ಲಿ ಕಾಣುವ ರೂಪ ಬೇರೆಯೇ ವಿಷಯ. 60.0 ಅನ್ನು ಸ್ಟ್ರಿಂಗ್ ಮಾಡಿದರೆ "60" ಅಂತಷ್ಟೇ ಬರುತ್ತದೆ, ಪಕ್ಕದ 59.7ರ ಜೊತೆ ಸಾಲು ಕೆಡುತ್ತದೆ. ಹತ್ತರಿಂದ ಗುಣಿಸಿ, ರೌಂಡ್ ಮಾಡಿ, ಇಂಟ್ ಮಾಡಿಕೊಂಡು, 10ರಿಂದ ಭಾಗಿಸಿದ ಭಾಗಲಬ್ಧ, ಚುಕ್ಕಿ, ಶೇಷ ಜೋಡಿಸಿದರೆ ಸೊನ್ನೆ ಉಳಿಯುತ್ತದೆ.

ಚೌಕದ ಬದಲು ಕಂಬ ಎಳೆಯುವವರಿಗೆ ಒಂದು ಮಾತು: 59.7 ಎಂಬ ಸಂಖ್ಯೆ ಉದ್ದವಲ್ಲ. ಅದನ್ನು ಒಂದು ಅಳತೆಯಿಂದ ಗುಣಿಸಿದಾಗ ಉದ್ದವಾಗುತ್ತದೆ, ಉದ್ದವನ್ನು ಅಳತೆಯಿಂದ ಭಾಗಿಸಿದರೆ ಮತ್ತೆ ಸಂಖ್ಯೆ. 100 ಮಿಮೀ ಮಳೆಗೆ ಕಾಗದದ ಮೇಲೆ 10 ಮಿಮೀ ಕಂಬ ಎಂದಾದರೆ ಗುಣಕ 0.1 ಮಿಮೀ. ಈ ಗುಣಕ ವಿವರಣೆಯಲ್ಲಿ ಇರಲೇಬೇಕು. ಹಳೆಯ ಲೇಟೆಕ್ ಟೆಂಪ್ಲೇಟಿನಿಂದ ಅಳತೆ ತರುತ್ತಿದ್ದರೆ, ಅಲ್ಲಿ ಇಂಚಿಗೆ 72.27 ಪಾಯಿಂಟ್, ಟೈಪ್ಸ್ಟಿನಲ್ಲಿ 72.

ಮಳೆ-ಬಣ್ಣ

ಮಿಮೀ ಕೊಟ್ಟರೆ ಬಣ್ಣ ಕೊಡುವ ಫಂಕ್ಷನ್. ಇದರ ವಿವರಣೆಯ ಮೊದಲ ಸಾಲಿನಲ್ಲೇ "ಬೆಳಿಗ್ಗೆ 8:30ಕ್ಕೆ ಮುಗಿಯುವ 24 ಗಂಟೆಯ ಮಳೆಗೆ ಮಾತ್ರ" ಎಂದಿರಲಿ. ತಿಂಗಳ ಮೊತ್ತ ಕೊಟ್ಟರೂ ಫಂಕ್ಷನ್ ತಕರಾರು ಮಾಡುವುದಿಲ್ಲ, ಜುಲೈ ತಿಂಗಳಿಗೆ ಸುಮ್ಮನೆ ವಿಪರೀತದ ಬಣ್ಣ ಬಳಿಯುತ್ತದೆ.

ಬಣ್ಣ ಆರಿಸುವಾಗ ಹಸಿರು, ಹಳದಿ, ಕಿತ್ತಳೆ, ಕೆಂಪು ಬೇಡ. ಅವು ಇಲಾಖೆಯ ಮುನ್ನೆಚ್ಚರಿಕೆಯ ಬಣ್ಣಗಳು. ಬಿದ್ದ ಮಳೆಯ ಚಾರ್ಟಿನಲ್ಲಿ ಅವನ್ನು ಕಂಡವರು ಅವತ್ತು ರೆಡ್ ಅಲರ್ಟ್ ಇತ್ತೆಂದೇ ಓದಿಕೊಳ್ಳುತ್ತಾರೆ. ಒಂದೇ ನೀಲಿ ಹಂತಹಂತವಾಗಿ ಗಾಢವಾಗುತ್ತ ಹೋಗಲಿ. ಜೆರಾಕ್ಸ್ ತೆಗೆದರೂ ಕ್ರಮ ಉಳಿಯುತ್ತದೆ.

ಆಫ್‌ಸೆಟ್ ಅಚ್ಚಿಗೆ ಸಿಎಂವೈಕೆ. ಶೇಕಡಾ ಲೆಕ್ಕದಲ್ಲಿ ನಾಲ್ಕು ಶಾಯಿ ಕ್ರಮವಾಗಿ:

ಹಗುರ ಮತ್ತು ಅದಕ್ಕಿಂತ ಕಡಿಮೆ: 10, 3, 0, 0
ಸಾಧಾರಣ: 30, 12, 0, 0
ಭಾರಿ: 60, 30, 0, 0
ಅತಿ ಭಾರಿ: 90, 60, 0, 10
ವಿಪರೀತ: 100, 80, 0, 40

ಕೊನೆಯದರ ಒಟ್ಟು 220. ನ್ಯೂಸ್‌ಪ್ರಿಂಟಿನಲ್ಲಿ ಒಟ್ಟು ಶಾಯಿ 240 ದಾಟಿದರೆ ಒಣಗದೆ ಹಿಂಬದಿಗೆ ಹತ್ತುತ್ತದೆ, ಅದರೊಳಗೇ ಇದ್ದೇವೆ. ಮೊದಲನೆಯದನ್ನು 10ಕ್ಕಿಂತ ಇಳಿಸಬೇಡಿ. ಒರಟು ಕಾಗದದಲ್ಲಿ ಬಿಳಿಗೂ ಅದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಸೊನ್ನೆ ಮಳೆಗೆ ಬಿಳಿ, ನನ್ ಬಂದರೆ ಲೂಮಾದ (ಬೂದು ಛಾಯೆಗಳ ಫಂಕ್ಷನ್) ತೆಳು ಬೂದು.

ಐದು ಬಣ್ಣ ಬರೆಯುವ ಬದಲು ಒಂದೇ ನೀಲಿಗೆ ಲೈಟನ್ (ಬಣ್ಣ ತೆಳುವಾಗಿಸುವ ಫಂಕ್ಷನ್) ಹಾಕಿ ಹಂತ ಮಾಡಬಹುದು. ಪರದೆಗೆ ಅದೇ ಸುಲಭ. ಆದರೆ ಲೈಟನ್, ಡಾರ್ಕನ್ ಆ ಬಣ್ಣದ ಜಾಗದಲ್ಲೇ (ಕಲರ್ ಸ್ಪೇಸ್: ಅಚ್ಚಿಗೆ ಸಿಎಂವೈಕೆ, ಪರದೆಗೆ ಆರ್‌ಜಿಬಿ ಹೀಗೆ ಬಣ್ಣವನ್ನು ಅಂಕಿಯಲ್ಲಿ ಹೇಳುವ ಪದ್ಧತಿ) ಕೆಲಸ ಮಾಡುತ್ತವೆ. ಆರ್‌ಜಿಬಿ ನೀಲಿಗೆ 40% ಮತ್ತು ಸಿಎಂವೈಕೆ ನೀಲಿಗೆ 40% ಒಂದೇ ಫಲ ಕೊಡುವುದಿಲ್ಲ. ಮಿಕ್ಸ್ ಫಂಕ್ಷನ್ ಬೇರೆ ಹೇಳದಿದ್ದರೆ ಇನ್ನೊಂದು ಜಾಗವಾದ ಓಕೆಲ್ಯಾಬ್‌ನಲ್ಲಿ ಬೆರೆಸುತ್ತದೆ. ಹೀಗಾಗಿ ಬಣ್ಣದ ಫಂಕ್ಷನ್ನಿನ ವಿವರಣೆಯಲ್ಲಿ "ಹೊರಕ್ಕೆ: ಕಲರ್" ಎಂದರೆ ಅರ್ಧ ಮಾತು. ಯಾವ ಜಾಗದ ಬಣ್ಣ ಎಂದೂ ಬರೆಯಿರಿ.

ಸಂಖ್ಯೆ ಕೊಡುವ ರೀತಿಯಲ್ಲೂ ಜಾಗಕ್ಕೊಂದು ನಿಯಮ. ಸಿಎಂವೈಕೆಗೆ ಶೇಕಡಾ ಚಿಹ್ನೆ ಕಡ್ಡಾಯ, ಬರೀ 10 ಕೊಟ್ಟರೆ ನಿಲ್ಲುತ್ತದೆ. ಆರ್‌ಜಿಬಿ 0ಯಿಂದ 255ರ ಇಂಟನ್ನೂ ಶೇಕಡಾವನ್ನೂ ಒಪ್ಪುತ್ತದೆ, 0.5 ಥರದ ಫ್ಲೋಟ್ ಒಪ್ಪುವುದಿಲ್ಲ. ಬೇರೆ ಭಾಷೆಯಿಂದ ಬಂದವರು ಪೂರ್ತಿ ಬಣ್ಣಕ್ಕೆಂದು ಮೂರೂ 1 ಕೊಡುವುದುಂಟು. ಅದಕ್ಕೆ ತಪ್ಪಿನ ಸಂದೇಶವೇ ಬರುವುದಿಲ್ಲ, 255ರಲ್ಲಿ 1 ಎಂದು ತಿಳಿದು ಕಪ್ಪಿಗೆ ಕಪ್ಪೇ ಬರುತ್ತದೆ. ಹೆಕ್ಸ್ ಸಂಕೇತವನ್ನು ಸ್ಟ್ರಿಂಗಾಗಿ ಕೊಡಬೇಕು: "#804020" ಅಂದರೆ 128, 64, 32, ಹುರಿದ ಕಾಫಿಬೀಜದ ಕಂದು.

ವಾಪಸು ಬರುವಾಗ ಗಮನವಿರಲಿ. ಅದೇ ಕಂದಿನ ಕಾಂಪೊನೆಂಟ್ಸ್ (ಬಣ್ಣದ ಅಂಶಗಳು) ಕೇಳಿದರೆ 128 ಬರುವುದಿಲ್ಲ, ಸುಮಾರು 50.2% ಬರುತ್ತದೆ, ಜೊತೆಗೆ ಪಾರದರ್ಶಕತೆಯ ನಾಲ್ಕನೇ ಅಂಶ. 128 ಬೇಕಿದ್ದರೆ ಫ್ಲೋಟ್ ಮಾಡಿ, 255ರಿಂದ ಗುಣಿಸಿ, ರೌಂಡ್ ಮಾಡಿ. ಸಿಎಂವೈಕೆ ಬಣ್ಣದ ನಾಲ್ಕನೇ ಅಂಶ ಪಾರದರ್ಶಕತೆಯಲ್ಲ, ಕಪ್ಪು ಶಾಯಿ. ಎರಡನ್ನೂ ಒಂದೇ ಸಾಲಿನಿಂದ ನಿಭಾಯಿಸಲು ಹೋದವರು ಇಲ್ಲಿ ಮುಗ್ಗರಿಸುತ್ತಾರೆ. ಸಿಎಂವೈಕೆಯನ್ನು ಆರ್‌ಜಿಬಿ ಮಾಡಿ ಮರಳಿ ಸಿಎಂವೈಕೆ ಮಾಡಿದರೆ ಮೊದಲಿನ ಶಾಯಿ ಅಳತೆ ಸಿಗುತ್ತದೆಂಬ ಭರವಸೆಯೂ ಇಲ್ಲ. "ಕಳೆಯುವುದು" ಸಾಲಿನಲ್ಲಿ ಇದು ಬರಲಿ.

ಚಾರ್ಟನ್ನು ಅಚ್ಚಿಗೂ ವಾಟ್ಸಾಪಿಗೂ ಕಳಿಸುವುದಿದ್ದರೆ ಮಾಧ್ಯಮ ಎಂಬ ಪ್ಯಾರಾಮೀಟರ್ ಇಡಿ: "ಅಚ್ಚು" ಅಥವಾ "ಪರದೆ". ಏನೂ ಹೇಳದಿದ್ದರೆ ಯಾವುದು ಎಂದು ಬರೆಯಿರಿ. ಮೂರನೆಯ ಪದ ಕೊಟ್ಟರೆ ಪ್ಯಾನಿಕ್ ಮಾಡಿಸಿ (ತಪ್ಪು ತೋರಿಸಿ ನಿಲ್ಲಿಸಿ), ಸುಮ್ಮನೆ ಪರದೆಯೆಂದು ಊಹಿಸಬೇಡಿ.

ಅಕ್ಷರ-ಬಣ್ಣ

ಗಾಢ ಚೌಕದ ಮೇಲೆ ಬಿಳಿ ಅಂಕಿ, ತೆಳು ಚೌಕದ ಮೇಲೆ ಕಪ್ಪು. ಬಣ್ಣವನ್ನು ಓಕೆಲ್ಯಾಬ್‌ಗೆ ತಿರುಗಿಸಿ ಕಾಂಪೊನೆಂಟ್ಸಿನ ಮೊದಲ ಅಂಶ ನೋಡಿದರೆ ಬೆಳಕಿನ ಪ್ರಮಾಣ ಸಿಗುತ್ತದೆ. 60%ಕ್ಕಿಂತ ಕಡಿಮೆಯಿದ್ದರೆ ಬಿಳಿ. ಆ 60 ನಾವು ಇಟ್ಟ ಗೆರೆ, ನಿಯಮವಲ್ಲ ಎಂದು ವಿವರಣೆಯಲ್ಲಿ ಹೇಳಿಬಿಡಿ. ಅಚ್ಚಿನಲ್ಲಿ ಕಪ್ಪು ಅಂದರೆ 0, 0, 0, 100. ನಾಲ್ಕೂ ಶಾಯಿ ಬೆರೆತ ಕಪ್ಪಾದರೆ ಪ್ಲೇಟು ಕೂದಲೆಳೆ ಸರಿದರೂ ಸಣ್ಣ ಒತ್ತಕ್ಷರಗಳ ಸುತ್ತ ಬಣ್ಣದ ಅಂಚು ಕಾಣುತ್ತದೆ.

ಉದಾಹರಣೆಗಳೇ ಪರೀಕ್ಷೆ

ವಿವರಣೆಯಲ್ಲಿ ಕೊಟ್ಟ ಪ್ರತಿ ಉದಾಹರಣೆಯನ್ನೂ ಬೇರೊಂದು ಫೈಲಿನಲ್ಲಿ ಅಸರ್ಟ್.ಇಕ್ಯೂ (ಎರಡು ಮೌಲ್ಯ ಒಂದೇ ಎಂದು ಪರೀಕ್ಷಿಸುವ) ಸಾಲಾಗಿ ಬರೆದಿಡಿ: "2-35" ಗೆ 235, 235 ಸೆಂಟ್ಸಿಗೆ 59.7, 455ಕ್ಕೆ 115.6, 805ಕ್ಕೆ 204.5. ಗಡಿಯ ಮೌಲ್ಯಗಳು ತಪ್ಪದೆ ಇರಲಿ, 1-00 ಥರದ ಸಲೀಸಾದವು ಏನನ್ನೂ ಪತ್ತೆ ಹಚ್ಚುವುದಿಲ್ಲ. ಯಾರಾದರೂ ಫಂಕ್ಷನ್ ತಿದ್ದಿ ಕೆಡಿಸಿದರೆ ಆ ಫೈಲು ಕಂಪೈಲೇ ಆಗುವುದಿಲ್ಲ.

ಬಣ್ಣಕ್ಕೆ ಕೈಪಿಡಿಯಲ್ಲಿ ಚೌಕವನ್ನೇ ತೋರಿಸಿ. ಪಕ್ಕದ ಅಂಕಿಗಳನ್ನು ಕೈಯಲ್ಲಿ ಟೈಪ್ ಮಾಡಬೇಡಿ. ಚೌಕ ತುಂಬಿದ ಅದೇ ಬಣ್ಣದಿಂದ ರೆಪರ್ ಮೂಲಕ ಬರಿಸಿ. ಬಣ್ಣ ತಿದ್ದಿದ ದಿನ ಅಂಕಿಯೂ ತಾನೇ ತಿದ್ದುತ್ತದೆ. ಆ ಒಂದು ಪುಟವನ್ನು ಚಾರ್ಟ್ ಅಚ್ಚಾಗುವ ಕಾಗದದ ಮೇಲೆಯೇ ಪ್ರೂಫ್ ತೆಗೆಸಿ. ಲೇಸರ್ ಪ್ರಿಂಟರಿನ ನೀಲಿ ನಂಬಿ ಸಾವಿರ ಪ್ರತಿಗೆ ಪ್ಲೇಟು ಮಾಡಿಸಿದರೆ ಜಗಳ ಖಚಿತ.

ಫೈಲಿನ ತಲೆಯಲ್ಲಿ ಮೂರು ಸಾಲು ಇರಲಿ: ಯಾವ ಟೈಪ್ಸ್ಟ್ ಆವೃತ್ತಿಯಲ್ಲಿ ಪರೀಕ್ಷಿಸಿದ್ದು, ವರ್ಗಗಳ ಗಡಿ ಎಲ್ಲಿಯದು, ಕೊನೆಗೆ ಏನು ಬದಲಾಯಿತು. ಟೈಪ್ಸ್ಟ್ ಇನ್ನೂ 1.0 ಮುಟ್ಟಿಲ್ಲದ ಭಾಷೆ, ಆವೃತ್ತಿ ಬದಲಾದಾಗ ಹೆಸರು, ವರ್ತನೆ ಬದಲಾಗುವುದುಂಟು. ಅಂಗಡಿಯ ಗಣಕದಲ್ಲಿ ಹೊಸ ಆವೃತ್ತಿ ಹಾಕುವ ಮೊದಲು ಪರೀಕ್ಷೆಯ ಫೈಲನ್ನು ಅದರಲ್ಲಿ ಓಡಿಸಿ ನೋಡಿ. ವಿವರಣೆ ಮುಗಿದ ಮೇಲೆ ಸೆಂಟ್ಸ್ ಫಂಕ್ಷನ್ನಿನ ಭಾಗವನ್ನಷ್ಟೇ ಪ್ರಿಂಟ್ ತೆಗೆದು ತೋಟದ ರೈಟರಿಗೆ ಕೊಡಿ. ಸಿಎಸ್‌ವಿ ತುಂಬುವವರು ಅವರೇ.